ಇಂಟರ್ವಲ್ ನಂತರದ ಅರ್ಧ

ಆ ವರ್ಷ ದಸರಾ ರಜೆ ಮುಗಿದು ಶಾಲೆ ತೆರೆದ ಮೊದಲ ಶನಿವಾರ, ನಮ್ಮ ಕನ್ನಡ ಮೇಡಂ ಹತ್ತನೇ ತರಗತಿಯವರಾದ ನಮಗೆಲ್ಲ ಮೂರು ಪ್ರಶ್ನೆ ಕೊಟ್ಟರು. ಇಷ್ಟವಾದ ಕತೆಯೋ ಕವಿತೆಯೋ ಯಾವುದು, ಇಷ್ಟವಾದ ಸಿನಿಮಾ ಯಾವುದು, ರಜೆ ಮುಗಿಸಿ ಮತ್ತೆ ಶಾಲೆಯ ಬಾಗಿಲಲ್ಲಿ ನಿಂತಾಗ ಏನನ್ನಿಸಿತು. ಒಬ್ಬೊಬ್ಬರೇ ಎದ್ದು ನಿಂತು ಹೇಳಬೇಕು.

ನಾನು ದಿನಚರಿ ಬರೆಯುವವಳು. ಮಳೆ ಬಂದ ದಿನ, ಬಸ್ಸು ಕೈಕೊಟ್ಟ ದಿನ, ಮನೆಯ ಹಸು ಕರು ಹಾಕಿದ ದಿನ, ಓದಿದ ಪುಸ್ತಕ, ನೋಡಿದ ಸಿನಿಮಾ, ಎಲ್ಲಕ್ಕೂ ತಾರೀಖು ಹಾಕಿ ಬರೆದಿಡುತ್ತೇನೆ. ಅಪ್ಪ ನನ್ನನ್ನು ‘ನಮ್ಮನೆ ಶಾನುಭೋಗರು’ ಎಂದು ಕರೆಯುವುದು ಇದಕ್ಕೇ. ಹಾಗಾಗಿ ಆ ಶನಿವಾರ ಯಾರು ಏನು ಹೇಳಿದರು ಎಂಬುದು ಅವರವರ ಮಾತಿನಲ್ಲೇ ನನ್ನ ಬಳಿ ಇದೆ.

ಉಡುತಡಿಯಿಂದ ಬರುತ್ತಿದ್ದ ಹುಡುಗ ಮೊದಲು ಎದ್ದ. “ನಮ್ಮೂರಾಗೇ ವಚನ ಹುಟ್ಟಿದ್ದು ಮಿಸ್. ಅದ್ಕೇ ಬೇರೆ ಏನೂ ಓದಾಕೆ ಹೋಗಿಲ್ಲ.”

“ವಚನನಾದ್ರೂ ಓದಿದ್ದೀಯೇನೋ?”

“ಊರಾಗೇ ಐತಲ್ಲ ಮಿಸ್, ಎಲ್ಲಿಗೆ ಹೋಗ್ತದೆ? ಆಮೇಲೆ ಓದಿದ್ರಾಯ್ತು.”

ತಾಳಗುಂದದ ಹುಡುಗ ತಮ್ಮೂರಿನ ಕಲ್ಲುಕಂಬದ ಮೇಲಿನ ಬರಹವೇ ತನಗೆ ಇಷ್ಟ ಎಂದ. ಓದಲು ಬರುತ್ತದೆಯೇ ಎಂದು ಮೇಡಂ ಕೇಳಿದರು. “ಬರಲ್ಲ ಮಿಸ್. ಆದ್ರೆ ಯಾರೋ ಅಷ್ಟು ಕಷ್ಟಪಟ್ಟು ಕೆತ್ಯಾರೆ ಅಂದ್ರೆ ಏನೋ ಮುಖ್ಯವಾದ್ದೇ ಇರ್ಬೇಕಲ್ರೀ” ಎಂದ. ಎಲ್ಲರೂ ನಕ್ಕರು, ಮೇಡಂ ನಗಲಿಲ್ಲ. ಮುಂದಿನ ಬೆಂಚಿನ ಹುಡುಗಿ ತನ್ನ ಎರಡೂ ಅಂಗೈ ಬಿಚ್ಚಿ ತೋರಿಸಿದಳು. ರಜೆಯುದ್ದಕ್ಕೂ ಮೆಕ್ಕೆಜೋಳದ ತೆನೆ ಮುರಿದು ಮುರಿದು ಕೈಯೆಲ್ಲ ಕೆರೆತ. “ಶಾಲೆ ತೆಗೆದ್ರಲ್ಲ, ಈಗ ರಜಾ ಸಿಕ್ಕಂಗಾಯ್ತು ಮಿಸ್” ಎಂದಳು.

ನನ್ನ ಸರದಿ ಬಂತು. ಹಿಂದಿನ ವರ್ಷದ ಪಠ್ಯದಲ್ಲಿದ್ದ ಒಂದು ಪದ್ಯದ ಬಗ್ಗೆ ಎರಡು ಮಾತು ಹೇಳಿ, ನಾವೆಲ್ಲ ‘ದೋಣಿ ಸಿನಿಮಾ’ ಎಂದು ಕರೆಯುತ್ತಿದ್ದ ಸಿನಿಮಾಕ್ಕೆ ಬಂದೆ. ಹೊಳೆ ದಾಟಿಸುವ ಒಬ್ಬ ಹುಡುಗಿ. ಅಲ್ಲಿ ಸೇತುವೆ ಕಟ್ಟಲು ಬರುವ ಒಬ್ಬ ಎಂಜಿನಿಯರು. ಸೇತುವೆ ಆದರೆ ಅವಳ ದೋಣಿಗೆ ಕೆಲಸವಿಲ್ಲ. ನೆರೆ ಬಂದ ದಿನ ಆಚೆ ದಡದಲ್ಲಿ ಸಿಕ್ಕಿಬಿದ್ದವರನ್ನು ಕರೆತರಲು ಅವಳು ಹೊರಡುತ್ತಾಳೆ. ನೀರು ಸೊಂಟದ ಮಟ್ಟಕ್ಕೆ ಏರುತ್ತದೆ. ಕೊನೆಗೆ ಎಲ್ಲರೂ ದಡ ಸೇರುತ್ತಾರೆ, ದಡದ ಮೇಲೆ ಒಬ್ಬ ಮುದುಕಿ ಒಲೆ ಹಚ್ಚಿರುತ್ತಾಳೆ, ಬಾಳೆ ಎಲೆ ಹಾಕುತ್ತಾರೆ, ದೋಣಿಗೆ ತೂತು ಕೊರೆದ ಖಳನಾಯಕನಿಗೂ ಒಂದು ಎಲೆ. ಅವನಿಗೆ ಶಾವಿಗೆ ಪಾಯಸ ಬಡಿಸುವವಳು ಆ ಹುಡುಗಿಯೇ.

ಆ ಜೂನ್‌ನಲ್ಲಿ ಶಿವಮೊಗ್ಗದಿಂದ ಬಂದು ಸೇರಿದ್ದ ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗಲು ತೊಡಗಿದಳು. “ಅಯ್ಯೋ, ಅದು ಹಂಗೆ ಮುಗಿಯೋದೇ ಇಲ್ಲ ಕಣೇ! ಅವ್ಳು ನೀರಲ್ಲಿ ಕೊಚ್ಕೊಂಡು ಹೋಗ್ತಾಳೆ. ಸೇತುವೆಗೆ ಅವ್ಳ ಹೆಸರಿಡ್ತಾರೆ. ಊಟ ಎಲ್ಲಿಂದ ಬಂತು ಮಧ್ಯ?”

ನನಗಿಂತ ಮೊದಲು ಉಡುತಡಿಯವನೇ ಎದ್ದು ನಿಂತ. “ಏ, ಇಡೀ ಕ್ಲಾಸೇ ನೋಡೈತಿ ಆ ಸಿನಿಮಾನ. ಊಟ ಐತಿ.”

“ಎಲ್ಲಿ ನೋಡಿದ್ರಿ?”

“ಇಲ್ಲೇ” ಎಂದು ಅವನು ಕರಿಹಲಗೆಯ ಪಕ್ಕದ ಜಾಗ ತೋರಿಸಿದ.

ಅವನು ತಮಾಷೆಗೆ ಹೇಳಿದ್ದಲ್ಲ. ನಾವು ಆ ಸಿನಿಮಾವನ್ನು ನೋಡಿದ್ದು ನಿಜವಾಗಿಯೂ ಅಲ್ಲೇ. ಎಂಟನೇ ತರಗತಿಯಿಂದ ಶನಿವಾರದ ಕೊನೆಯ ಅವಧಿಯನ್ನು ಮೇಡಂ ಕತೆಗೆಂದು ಬಿಟ್ಟಿದ್ದರು. ಮೊದಮೊದಲು ಯಾರು ಯಾರೋ ಹೇಳುತ್ತಿದ್ದರು. ಆಮೇಲೆ ನನ್ನ ಗೆಳತಿಯೊಬ್ಬಳೇ ಉಳಿದಳು. ಅವಳು ಕತೆ ಹೇಳುತ್ತಿರಲಿಲ್ಲ, ಸಿನಿಮಾ ಹೇಳುತ್ತಿದ್ದಳು. ಬಾಗಿಲು ತೆರೆಯುವ ಸದ್ದು, ಕುದುರೆಯ ಓಟ, ಖಳನಾಯಕ ಬರುವಾಗಿನ ಸಂಗೀತ, ಎಲ್ಲ ಬಾಯಲ್ಲೇ. ಯಾರು ಯಾವ ಬಣ್ಣದ ಬಟ್ಟೆ ತೊಟ್ಟಿದ್ದಾರೆ, ಮನೆಯ ಮುಂದೆ ಯಾವ ಗಿಡವಿದೆ, ನಾಯಿ ಎಲ್ಲಿ ಮಲಗಿದೆ ಎಂಬುದೂ ಇರುತ್ತಿತ್ತು. ಅರ್ಧಕ್ಕೆ ಬಂದಾಗ ಎರಡೂ ಕೈ ಮೇಲೆತ್ತಿ “ಇಂಟರ್ವಲ್!” ಎನ್ನುತ್ತಿದ್ದಳು. ನಾವು ನಲ್ಲಿಯ ಹತ್ತಿರ ಹೋಗಿ ನೀರು ಕುಡಿದು, ಇದ್ದವರು ಕಡಲೆಬೀಜ ಹಂಚಿ, ಓಡಿ ಬಂದು ಕೂರುತ್ತಿದ್ದೆವು. ತಡವಾಗಿ ಬಂದವರು ಕತ್ತಲಲ್ಲಿ ಸೀಟು ಹುಡುಕುವವರಂತೆ ಬಗ್ಗಿಕೊಂಡು ಒಳಗೆ ಬರುತ್ತಿದ್ದರು. ಮೇಡಂ ಕೂಡ.

ನನ್ನ ‘ನೋಡಿದ ಸಿನಿಮಾ’ ಪಟ್ಟಿಯಲ್ಲಿದ್ದವು ಹದಿನಾಲ್ಕು. ಹನ್ನೊಂದು ಅವಳು ಹೇಳಿದವು. ಅವನ್ನು ಬೇರೆಯಾಗಿ ಬರೆಯಬೇಕೆಂದು ನನಗೆ ಒಮ್ಮೆಯೂ ತೋಚಿರಲಿಲ್ಲ.

ಸೋಮವಾರದ ಹೊತ್ತಿಗೆ ಯಾರೋ ಮನೆಯ ಫೋನಿನಲ್ಲಿ ದೋಣಿ ಸಿನಿಮಾ ಹುಡುಕಿ ನೋಡಿದ್ದರು. ಹುಡುಗಿ ಸಾಯುವುದು ನಿಜ. ಇನ್ನೂ ಎರಡು ಮೂರು ಸಿನಿಮಾ ಹುಡುಕಿದರು. ಮೊದಲರ್ಧದ ಕತೆ ಸರಿಯಾಗಿತ್ತು, ಎರಡನೆಯ ಅರ್ಧ ಒಂದೂ ಹೊಂದಲಿಲ್ಲ. “ಎರಡು ವರ್ಷ ಬುರುಡೆ ಬಿಟ್ಟಾಳೆ ನೋಡಲೇ” ಎಂದು ಉಡುತಡಿಯವನೇ ಎಲ್ಲರಿಗಿಂತ ಹೆಚ್ಚು ಸಿಟ್ಟಾದ.

ಅದನ್ನು ಕೇಳಿಸಿಕೊಳ್ಳಬೇಕಾದವಳ ಜಾಗ ಖಾಲಿ ಇತ್ತು. ರಜೆಯಲ್ಲಿ ಅವಳ ತಾಯಿ ತೀರಿಕೊಂಡಿದ್ದರು. ಅವಳನ್ನೂ ಅವಳ ಪುಟ್ಟ ತಮ್ಮನನ್ನೂ ಅಜ್ಜಿ ಸೊರಬಕ್ಕೆ ಕರೆದುಕೊಂಡು ಹೋಗಿದ್ದರು. ಶಾಲೆಗೆ ಮತ್ತೆ ಬರುತ್ತಾಳೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ.

ಅವಳ ತಾಯಿಯನ್ನು ನಾನು ನೋಡಿದ್ದು ಒಮ್ಮೆ ಮಾತ್ರ. ಹಿಂದಿನ ವರ್ಷದ ಮಳೆಗಾಲದಲ್ಲಿ ಪ್ರತಿಭಾ ಕಾರಂಜಿಯ ತಯಾರಿ ಮುಗಿಯುವುದು ತಡವಾಗುತ್ತಿತ್ತು. ನಮ್ಮೂರಿನ ಬಸ್ಸು ತಪ್ಪಿದ್ದ ಒಂದು ಸಂಜೆ, ಅಪ್ಪ ಬೈಕಿನಲ್ಲಿ ಬರುವ ತನಕ ನಾನು ಅವಳ ಮನೆಯಲ್ಲಿ ಕೂತಿದ್ದೆ. ಶಿಕಾರಿಪುರದ ಪೇಟೆಯ ಹಿಂದಿನ ಓಣಿ. ಮುಂದೆ ಅವಳ ಅಪ್ಪನ ಗಾದಿ ಅಂಗಡಿ, ಹತ್ತಿ ಹಿಂಜುವ ಯಂತ್ರ, ಹಿಂದೆ ಎರಡು ಕೋಣೆಯ ಮನೆ. ಅವಳ ಜಡೆಯಲ್ಲಿ ಯಾವಾಗಲೂ ಹತ್ತಿಯ ಎಳೆ ಯಾಕಿರುತ್ತದೆ ಎಂಬುದು ಅಲ್ಲಿ ಗೊತ್ತಾಯಿತು.

ತಾಯಿ ಗೋಡೆಗೆ ಒತ್ತಿದ ಮಂಚದ ಮೇಲೆ ಮಲಗಿದ್ದರು. ಸಕ್ಕರೆ ಕಾಯಿಲೆ ಕಣ್ಣನ್ನು ಹೆಚ್ಚೂಕಡಿಮೆ ತೆಗೆದುಕೊಂಡಿತ್ತು, ಪಾದಗಳು ಊದಿದ್ದವು. ಅವರ ತವರು ಸೊರಬ. ನನ್ನೊಂದಿಗೆ ಕನ್ನಡದಲ್ಲೇ ಮಾತಾಡಿದರು. “ಬಾ ಮಗಾ, ಇಲ್ಲೇ ಕೂತ್ಕ. ಉಂಡ್ಯಾ? ಎಂತ ಉಂಡೆ ಮಧ್ಯಾಹ್ನ?” ನಾನು ಚಿತ್ರಾನ್ನ ಎಂದೆ. “ಒಗ್ಗರಣೆಗೆ ಶೇಂಗಾ ಹಾಕಿದ್ರಾ?” ಹಾಕಿದ್ದರು ಎಂದೆ. ಅವರಿಗೆ ಅದನ್ನು ಕೇಳಿಯೇ ಸಮಾಧಾನವಾದಂತೆ ಕಂಡಿತು. ವೈದ್ಯರು ಅವರ ಊಟದಲ್ಲಿ ಒಂದೊಂದಾಗಿ ಎಲ್ಲವನ್ನೂ ಬಿಡಿಸಿದ್ದರಂತೆ, ಕೊನೆಗೆ ಉಪ್ಪನ್ನೂ.

ಏಳೂವರೆಗೆ ಗೋಡೆ ಮಾತಾಡಲು ಶುರುವಾಯಿತು. ಪಕ್ಕದ ಮನೆಯಲ್ಲಿ ಬಸ್ ಕಂಡಕ್ಟರ್ ಆಗಿ ನಿವೃತ್ತರಾದ ಮುದುಕರೊಬ್ಬರಿದ್ದರು. ಕೇಬಲ್‌ನವರು ದಿನಾ ಸಂಜೆ ಒಂದು ಸಿನಿಮಾ ಹಾಕುತ್ತಿದ್ದರು, ಮುದುಕರು ಅದನ್ನು ಜೋರಾಗಿ ಹಾಕುತ್ತಿದ್ದರು. ನನ್ನ ಗೆಳತಿಯ ಮನೆಯಲ್ಲಿ ಟಿವಿ ಇರಲಿಲ್ಲ. ತಾಯಿಗೆ ಕಣ್ಣು ಮಂಜಾದ ಮೇಲೆ ಅದನ್ನು ಸೊರಬದ ಅಜ್ಜಿಗೆ ಕೊಟ್ಟುಬಿಟ್ಟಿದ್ದರು. ತಾಯಿ ಮಗಳು ಗೋಡೆಗೆ ಕಿವಿ ಕೊಟ್ಟು ಕೂತರು.

“ಈಗ ಎಂತ ಉಟ್ಟಾಳೆ ಅವ್ಳು?”

“ಹಸಿರು ಸೀರೆ ಅಮ್ಮಿ. ಹಳದಿ ಅಂಚು.”

“ಹೊಳೇಲಿ ನೆಂದ್ರೆ ಬಣ್ಣ ಬಿಡ್ತದೆ. ದೋಣಿ ಎಷ್ಟು ದೊಡ್ಡದು?”

“ಐದು ಜನ ಕೂರ್ಬೋದು. ಒಂದು ಮೇಕೇನೂ ಐತೆ.”

ಮೇಕೆ ಕೂಗಿದ್ದು ನನಗಂತೂ ಕೇಳಿಸಿರಲಿಲ್ಲ. ಅವಳು ಒಂದು ಕ್ಷಣವೂ ತಡೆಯದೆ ಹೇಳುತ್ತಾ ಹೋದಳು. ನಾವು ಶನಿವಾರ ‘ನೋಡುತ್ತಿದ್ದ’ ಬಣ್ಣ, ಗಿಡ, ನಾಯಿ ಎಲ್ಲವೂ ಈ ಕೋಣೆಯಲ್ಲಿ ತಾಯಿಗಾಗಿ ಹುಟ್ಟುತ್ತಿದ್ದವು ಎಂದು ಅವತ್ತು ಗೊತ್ತಾಯಿತು. ನಡುವೆ ಒಮ್ಮೆ ತಾಯಿ ನನ್ನ ಕಡೆ ತಿರುಗಿ, “ಸಿನಿಮಾದಾಗೆ ಯಾರೂ ಉಣ್ಣದೇ ಇಲ್ಲ ನೋಡು ಮಗಾ. ಹಾಡ್ತಾರೆ, ಹೊಡೆದಾಡ್ತಾರೆ, ಅಳ್ತಾರೆ. ಹೊಟ್ಟೆಗೆ ಎಂತ ತಿಂತಾರೋ ದೇವರಿಗೇ ಗೊತ್ತು” ಎಂದರು. ಮೂವರೂ ನಕ್ಕೆವು. ಅಷ್ಟರಲ್ಲಿ ಹೊರಗೆ ಅಪ್ಪನ ಬೈಕಿನ ಹಾರನ್ನು ಕೇಳಿತು. ನಾನು ಎದ್ದು ಬಂದೆ. ಅದು ದೋಣಿ ಸಿನಿಮಾ. ಮುಂದಿನ ಶನಿವಾರ ಅವಳು ಅದನ್ನು ತರಗತಿಯಲ್ಲಿ ಊಟದವರೆಗೂ ಹೇಳಿದಳು. ಪೂರ್ತಿ ಕೇಳಿಸಿಕೊಂಡೇ ಹೇಳುತ್ತಿದ್ದಾಳೆಂದು ನಾನು ನಂಬಿದೆ.

ತರಗತಿಯಲ್ಲಿ ನಗು ಎದ್ದ ಮರುವಾರ ಮೇಡಂ ಸೊರಬಕ್ಕೆ ಹೊರಟರು. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಮನೆಯವರೊಂದಿಗೆ ಮಾತಾಡಬೇಕು ಎಂದರು. “ನೀನೂ ಬಾ. ನನಗಿಂತ ನಿನ್ನ ಮಾತು ಕೇಳ್ತಾಳೆ.” ಭಾನುವಾರ ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸು ಹತ್ತಿದೆವು. ರಸ್ತೆಯುದ್ದಕ್ಕೂ ಒಂದು ಬದಿಗೆ ಮೆಕ್ಕೆಜೋಳ ಹರವಿದ್ದರು, ಬಸ್ಸು ಇನ್ನೊಂದು ಬದಿಗೆ ಸರಿದು ಸರಿದು ಹೋಗುತ್ತಿತ್ತು. ಏನು ಹೇಳಬೇಕೆಂದು ನಾನು ದಾರಿಯಲ್ಲಿ ಮನಸ್ಸಿನಲ್ಲೇ ಒಂದು, ಎರಡು, ಮೂರು ಎಂದು ಜೋಡಿಸಿಕೊಂಡೆ. ಅಲ್ಲಿ ಹೋದಾಗ ಒಂದೂ ಉಪಯೋಗಕ್ಕೆ ಬರಲಿಲ್ಲ.

ಬಸ್ ನಿಲ್ದಾಣದಿಂದ ಸ್ವಲ್ಪ ದೂರದ ಓಣಿಯಲ್ಲಿ ಅಜ್ಜಿಯ ಮನೆ. ಟಿವಿಯ ಮೇಲೆ ಬಟ್ಟೆ ಹೊದಿಸಿದ್ದರು. ಅಜ್ಜಿ ಮೇಡಂಗೆ ಕುರ್ಚಿ ಹಾಕಿ ತಾವು ನೆಲದ ಮೇಲೆ ಕೂತರು.

“ಓದ್ಸದು ಬ್ಯಾಡ ಅಂತ ಅಲ್ರೀ ಟೀಚರಮ್ಮ. ಅಲ್ಲಿ ಹೋದ್ರೆ ಅವ್ಳ ಅಪ್ಪನಿಗೂ ಬೇಯ್ಸಿ ಹಾಕಿ, ಇವ್ಳೂ ಓದಿ, ಹ್ಯಾಂಗೆ ಆಗ್ತದೆ? ಮಗು ಅದು. ನನ್ನ ಮಗಳೇ ಹೋದ್ಲು, ಇನ್ನು ಇವ್ಳೂ ಸೊರಗಿ ಹೋಗಾದು ನೋಡಕ್ಕೆ ನಂಗೆ ಆಗಲ್ಲ.”

“ಪರೀಕ್ಷೆವರೆಗೆ ಮಾತ್ರ ಕಳಿಸಿ ಅಮ್ಮಾ. ಮಧ್ಯಾಹ್ನದ ಊಟ ಶಾಲೆಯಲ್ಲೇ ಇದೆ. ಉಳಿದದ್ದು ನಾನು ನೋಡ್ಕೋತೀನಿ” ಎಂದರು ಮೇಡಂ.

ಗೆಳತಿ ನನ್ನ ಮುಖ ನೋಡದೆ ಎದ್ದು ಹಿತ್ತಿಲಿಗೆ ಹೋದಳು. ನಾನೂ ಹಿಂದೆ ಹೋದೆ. ಅವಳು ಪಾತ್ರೆ ತಿಕ್ಕಲು ಕೂತಳು, ನಾನು ತೊಳೆದಿಟ್ಟೆ.

“ಬಾರೇ ಶಾಲೆಗೆ” ಎಂದೆ.

“ಶಾಲೆಗೆ ಬರ್ಬೋದು. ಶಾಲೆ ಬಿಟ್ಮೇಲೆ ಆ ಮನೆಗೆ ಹೆಂಗೆ ಹೋಗ್ಲಿ? ಏಳೂವರೆ ಆಗ್ತದಲ್ಲ.”

ನಾನು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಅವಳೇ ಕೇಳಿದಳು. “ಶನಿವಾರ ಎಂತ ಮಾಡಿದ್ರಿ?”

ಮೇಡಂ ಕೊಟ್ಟ ಮೂರು ಪ್ರಶ್ನೆ, ಉಡುತಡಿಯವನ ವಚನ, ತಾಳಗುಂದದವನ ಕಂಬ, ಎಲ್ಲ ಹೇಳಿದೆ. ವಚನದ ಮಾತಿಗೆ ಅವಳ ಬಾಯಿ ಸ್ವಲ್ಪ ಅರಳಿತು. “ನೀನು ಯಾವ್ದು ಹೇಳ್ದೆ?”

“ದೋಣಿ ಸಿನಿಮಾ.”

“ಕೊನೆಗೆ?”

“ಎಲ್ಲರೂ ಊಟಕ್ಕೆ ಕೂತ್ರು ಅಂದೆ. ಶಿವಮೊಗ್ಗದವಳು ನಕ್ಕಳು. ಅವ್ಳು ಹೊಳೇಲಿ ಸತ್ತೋಗ್ತಾಳಂತೆ.”

ತಿಕ್ಕುತ್ತಿದ್ದ ಅವಳ ಕೈ ನಿಂತಿತು. “ಸತ್ತೋಗ್ತಾಳಾ?”

ಅವಳಿಗೆ ಗೊತ್ತಿರಲಿಲ್ಲ. ನಾನು ತಿಳಿದಿದ್ದು, ಗೊತ್ತಿದ್ದೂ ಬದಲಾಯಿಸಿ ಹೇಳಿದ್ದಾಳೆ ಎಂದು. ತರಗತಿಯೆಲ್ಲ ಹಾಗೇ ತಿಳಿದಿತ್ತು. ಅವಳು ಬೂದಿ ಮೆತ್ತಿದ ಕೈಯಲ್ಲೇ ಕೂತು ನಿಧಾನವಾಗಿ ಹೇಳಿದಳು. ಕಂಡಕ್ಟರ್ ತಾತ ಒಂಬತ್ತಕ್ಕೆ ಸರಿಯಾಗಿ ಟಿವಿ ಆರಿಸಿ ಮಲಗುತ್ತಿದ್ದರು. ಬೆಳಗಿನ ಮೊದಲ ಬಸ್ಸಿನ ಕೆಲಸ ಮಾಡಿ ಮಾಡಿ ಬಂದ ಅಭ್ಯಾಸ. ಸಿನಿಮಾ ಯಾವತ್ತೂ ಅರ್ಧಕ್ಕೇ ನಿಲ್ಲುತ್ತಿತ್ತು. ಆಮೇಲಿನದನ್ನು ತಾಯಿ ರಾತ್ರಿಯೆಲ್ಲ ಯೋಚಿಸಿ ಇಟ್ಟುಕೊಂಡು, ಬೆಳಿಗ್ಗೆ ಮಗಳು ತಲೆ ಬಾಚುವಾಗ ಉರ್ದುವಿನಲ್ಲಿ ಹೇಳುತ್ತಿದ್ದರು. ಅವಳು ಅದನ್ನು ಕನ್ನಡ ಮಾಡಿಕೊಂಡು ಶಾಲೆಗೆ ತರುತ್ತಿದ್ದಳು.

“ನಿಜವಾದ್ದು ಹೆಂಗಿರ್ತದೆ ಅಂತ ನಂಗೆ ಯಾವತ್ತೂ ಬೇಕು ಅನಿಸ್ಲೇ ಇಲ್ಲ. ಅಮ್ಮಿದು ಚೆನ್ನಾಗಿತ್ತಲ್ಲ. ಎಲ್ಲರನ್ನೂ ಮನೆ ಮುಟ್ಟಿಸ್ತಿದ್ರು. ಉಣ್ಣಿಸ್ತಿದ್ರು.” ಮತ್ತೆ ಪಾತ್ರೆ ತೆಗೆದುಕೊಂಡಳು. “ಒಂದು ಉಳಿದೋಯ್ತು. ರೈಲಿಂದು. ಅವತ್ತು ರಾತ್ರಿ ಕೇಳಿದ್ವಿ. ಎಂತ ಆಗ್ತದೆ ಅಮ್ಮಿ ಅಂದೆ. ಬೆಳಿಗ್ಗೆ ಹೇಳ್ತೀನಿ, ಮಲಕ್ಕ ಅಂದ್ರು.”

ಬೆಳಿಗ್ಗೆ ಅವರನ್ನು ಆಸ್ಪತ್ರೆಗೆ ಒಯ್ದಿದ್ದರು. ಅಲ್ಲಿಂದ ಅವರು ಮನೆಗೆ ಬರಲಿಲ್ಲ.

ನಾವು ಒಳಗೆ ಬಂದಾಗ ಅಜ್ಜಿ ಅಳುತ್ತಿದ್ದರು, ಮೇಡಂ ಅವರ ಕೈ ಹಿಡಿದುಕೊಂಡಿದ್ದರು. “ನಲವತ್ತನೇ ದಿನದ ಫಾತೆಹಾ ಆಗ್ಲಿ. ಆಮೇಲೆ ಅವ್ಳ ಮನಸ್ಸಿಗೆ ಹ್ಯಾಂಗೆ ಬರ್ತದೋ ಹಾಂಗೆ ಮಾಡ್ಲಿ” ಎಂದರು ಅಜ್ಜಿ. ವಾಪಸು ಬರುವಾಗ ಮೇಡಂ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಿದ್ದರು. ಹಿತ್ತಿಲಲ್ಲಿ ಕೇಳಿದ್ದನ್ನು ನಾನು ಅವರಿಗೆ ಹೇಳಿದೆ. ತರಗತಿಗೂ ಹೇಳಬಹುದೇ ಎಂದು ಕೇಳಿದೆ. “ಹೇಳು. ಅವಳು ಬರೋಕೆ ಮುಂಚೆ ಹೇಳು” ಎಂದರು. ಮರುದಿನ ಹೇಳಿದೆ. ಉಡುತಡಿಯವನು ಬೆಂಚಿನ ಮೇಲೆ ಕೈವಾರದಿಂದ ಗೀರುತ್ತಾ ತಲೆ ಎತ್ತಲೇ ಇಲ್ಲ.

ಚಳಿ ಶುರುವಾದ ಮೇಲೆ ಒಂದು ಸೋಮವಾರ ಅವಳು ಬಂದಳು. ಯೂನಿಫಾರಂ ಸಡಿಲವಾಗಿತ್ತು. ಎಲ್ಲರೂ ಅವಳೊಂದಿಗೆ ಅತಿಯಾಗಿ ಒಳ್ಳೆಯವರಾಗಿದ್ದೆವು, ಅದು ಅವಳಿಗೆ ಇಷ್ಟವಾಗಲಿಲ್ಲ. “ಏನ್ರೇ, ನಾನೇನು ಮಂತ್ರಿ ಬಂದೀನಾ? ಸುಮ್ನೆ ಕೂತ್ಕಳ್ರೇ” ಎಂದಳು. ಮನೆಯ ಗೋಡೆಯ ಬಗ್ಗೆ ನಾನು ಕೇಳಲಿಲ್ಲ. ಎರಡು ದಿನವಾದ ಮೇಲೆ ಅವಳೇ ಹೇಳಿದಳು. ಗೋಡೆ ಸುಮ್ಮನಿತ್ತಂತೆ. ಕಂಡಕ್ಟರ್ ತಾತ ಟಿವಿಯನ್ನು ಆಚೆ ಕೋಣೆಗೆ ಇಟ್ಟುಕೊಂಡಿದ್ದರು. ಅವಳು ಬಂದಿದ್ದು ನೋಡಿ ಬಾಗಿಲಿಗೆ ಬಂದು, “ನಿಮ್ಮಮ್ಮ ಕೇಳ್ತಾರೆ ಅಂತ ನಂಗೆ ಗೊತ್ತಿತ್ತಮ್ಮ. ಅದ್ಕೇ ಜೋರು ಇಡ್ತಿದ್ದೆ. ನನ್ನ ಕಿವಿಗೇನೂ ಆಗಿಲ್ಲ” ಎಂದರಂತೆ.

“ಒಂಬತ್ತಕ್ಕೆ ಆರಿಸ್ಬೇಡಿ ಅಂತ ನಾವೇ ಒಂದು ಮಾತು ಕೇಳಿದ್ರೆ ಇಡ್ತಿದ್ರೋ ಏನೋ” ಎಂದಳು ಗೆಳತಿ. ಸ್ವಲ್ಪ ದೂರ ನಡೆದ ಮೇಲೆ, “ಕೇಳ್ದೇ ಇದ್ದಿದ್ದೇ ಚಲೋ ಆಯ್ತು” ಎಂದಳು.

ಶನಿವಾರ ಕೊನೆಯ ಅವಧಿಯಲ್ಲಿ ಯಾರೂ ಏನೂ ಕೇಳಲಿಲ್ಲ. ಮೇಡಂ ಯಾವುದೋ ಪಾಠ ತೆರೆದರು. ಅವಳು ತಾನಾಗಿಯೇ ಎದ್ದು ಕರಿಹಲಗೆಯ ಪಕ್ಕ ಹೋಗಿ ನಿಂತಳು. ಮೇಡಂ ಪುಸ್ತಕ ಮುಚ್ಚಿ ಹಿಂದಿನ ಬೆಂಚಿಗೆ ಹೋದರು.

ರೈಲಿನ ಸಿನಿಮಾ. ಒಂದು ದೊಡ್ಡ ನಿಲ್ದಾಣ. ತಾಯಿಯ ಸೆರಗು ಹಿಡಿದುಕೊಂಡಿದ್ದ ಮಗುವೊಂದು ಬಲೂನು ನೋಡಲು ಕೈ ಬಿಡುತ್ತದೆ. ಎರಡು ರೈಲು ಅಕ್ಕಪಕ್ಕ ನಿಂತಿವೆ. ಮಗು ಒಂದನ್ನು ಹತ್ತಿದೆ, ತಾಯಿ ಇನ್ನೊಂದರಲ್ಲಿ ಹುಡುಕುತ್ತಿದ್ದಾಳೆ. ಗೆಳತಿ ಎರಡೂ ರೈಲಿನ ಸದ್ದನ್ನು ಬೇರೆ ಬೇರೆಯಾಗಿ ಮಾಡಿದಳು. ಮಗುವಿನ ಫ್ರಾಕಿಗೆ ಕೆಂಪು ಗುಂಡಿ, ಅದರಲ್ಲಿ ಒಂದು ಉದುರಿದೆ. ತಾಯಿಗೆ ನಿಲ್ದಾಣದ ಬೆಂಚಿನ ಮೇಲೆ ಆ ಗುಂಡಿ ಸಿಗುತ್ತದೆ. ಅಷ್ಟರಲ್ಲಿ ಶಿಳ್ಳೆ. ಎರಡೂ ರೈಲು ಒಟ್ಟಿಗೇ ಅಲುಗುತ್ತವೆ, ಒಂದು ಈ ಕಡೆಗೆ, ಇನ್ನೊಂದು ಆ ಕಡೆಗೆ.

“ಇಂಟರ್ವಲ್” ಎಂದಳು. ಕೈ ಮೇಲೆತ್ತಲಿಲ್ಲ.

ನಾವು ನಲ್ಲಿಯ ಹತ್ತಿರ ಹೋದೆವು. ಯಾರಿಗೂ ಬಾಯಾರಿಕೆ ಇರಲಿಲ್ಲ, ಆದರೂ ಎಲ್ಲರೂ ಕುಡಿದೆವು. “ಈ ಸಿನಿಮಾನ ಯಾರೂ ಫೋನ್‌ನಾಗೆ ಹುಡುಕಬ್ಯಾಡ್ರಿ. ಹುಡುಕಿದ್ರೆ ನೋಡ್ರಿ ಮತ್ತೆ” ಎಂದು ಉಡುತಡಿಯವನು ಮೆಲ್ಲಗೆ ಗದರಿಸಿದ. ಒಳಗೆ ಬಂದು ಕೂತೆವು. ಅವಳು ಅಲ್ಲೇ ನಿಂತಿದ್ದಳು.

“ಮುಂದಿಂದು ನಾವು ಕೇಳಿಲ್ಲ” ಎಂದಳು.

ಶಿವಮೊಗ್ಗದ ಹುಡುಗಿಯ ಕಣ್ಣು ತುಂಬಿತ್ತು. “ನಾನು ನೋಡಿದೀನಿ ಕಣೇ. ಹೇಳ್ಲಾ? ಇದ್ರಲ್ಲಿ ಯಾರೂ ಸಾಯಲ್ಲ.”

“ಬ್ಯಾಡ ಕಣೇ” ಎಂದಳು ನನ್ನ ಗೆಳತಿ, ಸಿಟ್ಟಿಲ್ಲದೆ. “ಅದು ಬೇರೆ ಸಿನಿಮಾ.”

ಬಂದು ನನ್ನ ಪಕ್ಕ ಕೂತಳು. ಗಂಟೆ ಹೊಡೆಯಲು ಇನ್ನೂ ಸಮಯವಿತ್ತು. ನಾನು ಅವಳ ಜಡೆಯಲ್ಲಿದ್ದ ಹತ್ತಿಯ ಎಳೆಯನ್ನು ತೆಗೆದೆ. ಇನ್ನೊಂದಿತ್ತು, ಅದನ್ನೂ ತೆಗೆದೆ.

ಪರೀಕ್ಷೆಯವರೆಗೂ ಅವಳು ಶಾಲೆ ತಪ್ಪಿಸಲಿಲ್ಲ. ಬೆಳಿಗ್ಗೆ ಅಡುಗೆ ಮಾಡಿಟ್ಟು ಬರುತ್ತಿದ್ದಳು, ಕೈಯಲ್ಲಿ ಈರುಳ್ಳಿಯ ವಾಸನೆ ಇರುತ್ತಿತ್ತು. ಓದಿದ್ದನ್ನು ನನಗೆ ಹೇಳಿಕೊಟ್ಟಳು, ನನ್ನಿಂದ ಲೆಕ್ಕ ಹೇಳಿಸಿಕೊಂಡಳು. ಸಿನಿಮಾ ಮಾತ್ರ ಮತ್ತೆ ಹೇಳಲಿಲ್ಲ. ಶನಿವಾರಗಳಲ್ಲಿ ನಾವು ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿದೆವು. ಪರೀಕ್ಷೆ ಮುಗಿದ ವಾರವೇ ಅವಳ ಅಪ್ಪ ಆ ಬಾಡಿಗೆ ಮನೆ ಬಿಟ್ಟು ಯಂತ್ರವನ್ನೂ ಲಾರಿಗೆ ಹಾಕಿಕೊಂಡು ಸೊರಬಕ್ಕೆ ಹೋದರು. ಫಲಿತಾಂಶ ಬಂದಾಗ ಅವಳದು ಪ್ರಥಮ ದರ್ಜೆ. ಕನ್ನಡದಲ್ಲಿ ನನಗಿಂತ ಹೆಚ್ಚು ಅಂಕ.

ನಾನು ಶಿಕಾರಿಪುರದಲ್ಲೇ ಕಾಲೇಜಿಗೆ ಸೇರಿದೆ. ಮೊದಲ ದಿನ ಬಾಗಿಲಲ್ಲಿ ನಿಂತಾಗ ಪಕ್ಕದಲ್ಲಿ ಯಾರೂ ಇಲ್ಲವಲ್ಲ ಎನ್ನಿಸಿತು, ಅಷ್ಟೇ ಬರೆದಿದ್ದೇನೆ ಅವತ್ತು. ಅವಳು ಎಲ್ಲೂ ಸೇರಿಲ್ಲ ಎಂದು ಗೊತ್ತಾದದ್ದು ಜೂನ್ ಕೊನೆಯ ಹೊತ್ತಿಗೆ. ಫೋನ್ ಮಾಡಿದರೆ “ನೋಡಾನ” ಎನ್ನುತ್ತಿದ್ದಳು. ದಂಡ ಕಟ್ಟಿ ಸೇರಲು ಇನ್ನು ಕೆಲವೇ ದಿನ ಉಳಿದಿತ್ತು. ಅಪ್ಪನಿಗೆ ಹೇಳಿ ಒಂದು ಭಾನುವಾರ ಸೊರಬದ ಬಸ್ಸು ಹತ್ತಿದೆ.

ಅಜ್ಜಿಯ ಮನೆಯ ಜಗಲಿಯ ಮೇಲೆ ಈಗ ಗಾದಿ ಅಂಗಡಿ. ಅವಳು ದೊಡ್ಡ ಸೂಜಿ ಹಿಡಿದು ಗಾದಿಯ ಅಂಚು ಹೊಲಿಯುತ್ತಿದ್ದಳು. ನನ್ನನ್ನು ಕಂಡು ಸೂಜಿಯನ್ನು ದುಪಟ್ಟಾಕ್ಕೆ ಚುಚ್ಚಿಕೊಂಡು ಓಡಿ ಬಂದಳು. ಒಳಗೆ ಟಿವಿಯ ಮೇಲಿನ ಬಟ್ಟೆ ತೆಗೆದಿದ್ದರು. ತಮ್ಮ ಯಾವುದೋ ಸಿನಿಮಾ ನೋಡುತ್ತಿದ್ದ. ಅವಳು ಆ ಕಡೆ ತಿರುಗಲೂ ಇಲ್ಲ.

ನಾನು ಕೂರುವ ಮೊದಲೇ ಶುರು ಮಾಡಿದೆ. ಸೊರಬದಲ್ಲೇ ಕಾಲೇಜಿದೆ, ಮನೆಯಿಂದಲೇ ಹೋಗಿ ಬರಬಹುದು, ಅಜ್ಜಿಗೆ ನಾನು ಹೇಳುತ್ತೇನೆ, ಮೇಡಂ ಬೇಕಾದರೆ ಬರುತ್ತಾರೆ. “ಇನ್ನೂ ದಿನ ಐತೆ ಕಣೇ. ಬುಧವಾರದ ಒಳಗೆ ಹೋದ್ರೆ ಸೇರಿಸ್ಕೋತಾರೆ. ಸೇರ್ತೀಯಾ ಇಲ್ವಾ ಹೇಳು.”

ಅವಳು ನನ್ನ ಕೈಯ ಚೀಲ ತೆಗೆದುಕೊಂಡು ಗೋಡೆಯ ಮೊಳೆಗೆ ಹಾಕಿದಳು. “ಎಷ್ಟು ಹೊತ್ತಿಗೆ ಹೊರಟೆ ಮನೆಯಿಂದ? ಎಂತ ತಿಂದೆ?”

“ಅದು ಆಮೇಲೆ. ಮೊದ್ಲು ನೀನು ಹೇಳು.”

“ಹೇಳ್ತೀನಿ ಮಾರಾಯ್ತಿ. ಮೊದ್ಲು ಉಣ್ಣು.”

ಮಾತು ಪೂರ್ತಿ ಸೊರಬದ್ದಾಗಿತ್ತು, ಅವಳ ತಾಯಿಯದರ ಹಾಗೆ. ಚಾಪೆ ಹಾಸಿದಳು. ಎಲ್ಲಿಂದಲೋ ಒಂದು ಬಾಳೆ ಎಲೆ ತಂದು ತೊಳೆದು ನನ್ನ ಮುಂದೆ ಇಟ್ಟಳು. “ನಿಂಗೆ ಅಂತ ಬೇರೆ ಪಾತ್ರೇಲಿ ಮಾಡೀನಿ, ಹೆದರಬ್ಯಾಡ” ಎಂದು ನಕ್ಕಳು. ನಾನು ಬರುವುದನ್ನು ಅವಳಿಗೆ ಹೇಳಿರಲಿಲ್ಲ. ನಮ್ಮಪ್ಪ ಫೋನ್ ಮಾಡಿರಬೇಕು. ಅನ್ನ, ಬೇಳೆ ಸಾರು, ಬದನೆಕಾಯಿ ಪಲ್ಯ ಬಂದವು. ತಮ್ಮನನ್ನು ಟಿವಿಯ ಮುಂದಿನಿಂದ ಎಬ್ಬಿಸಿ ನನ್ನ ಪಕ್ಕ ಕೂರಿಸಿದಳು. ಅಜ್ಜಿಯನ್ನು ಕರೆದಳು. ಹೊರಗೆ ಹತ್ತಿ ಹಿಂಜುತ್ತಿದ್ದ ಅಪ್ಪನನ್ನು ಕರೆದಳು. ಯಂತ್ರದ ಸದ್ದು ನಿಂತಿತು. ಎಲ್ಲರೂ ಬಂದು ಕೂತರು. ಅವಳು ಒಬ್ಬೊಬ್ಬರಿಗೂ ಬಡಿಸುತ್ತಾ ಬಂದು, ಕೊನೆಗೆ ನನ್ನ ಎಲೆಯ ಮುಂದೆ ಬಗ್ಗಿ ಶಾವಿಗೆ ಪಾಯಸ ಹಾಕಿದಳು.

ನಾನು ತಲೆ ಎತ್ತಿ ಅವಳನ್ನು ನೋಡಿದೆ. ಅವಳೂ ನೋಡಿದಳು. ಎಲ್ಲರೂ ಊಟಕ್ಕೆ ಕೂತರೆಂದರೆ ಅಲ್ಲಿಗೆ ಮುಗಿಯಿತು ಎಂಬುದು ಹನ್ನೊಂದು ಸಿನಿಮಾ ನೋಡಿದವಳಿಗೆ ಗೊತ್ತು, ಕಾಲೇಜಿನ ಬಗ್ಗೆ ಮತ್ತೆ ಕೇಳಬೇಕಾದ್ದು ಏನೂ ಇರಲಿಲ್ಲ.

“ಉಣ್ಣೇ, ತಣ್ಣಗಾಗ್ತದೆ” ಎಂದಳು.

ನಾನು ಆದಷ್ಟು ನಿಧಾನವಾಗಿ ಉಂಡೆ. ಎಲ್ಲರೂ ಉಂಡು ಎದ್ದರು, ಹೊರಗೆ ಯಂತ್ರ ಮತ್ತೆ ಶುರುವಾಯಿತು, ತಮ್ಮ ಟಿವಿಯ ಮುಂದೆ ಹೋಗಿ ಕೂತ. ಎಲೆಯ ಮೇಲೆ ಒಂದು ತುತ್ತು ಅನ್ನ ಉಳಿಸಿಕೊಂಡು ನಾನಿನ್ನೂ ಕೂತೇ ಇದ್ದೆ. ಅವಳು ಎದುರಿಗೆ ಕೂತು, ದುಪಟ್ಟಾದಿಂದ ಸೂಜಿ ತೆಗೆದು ದಾರ ಪೋಣಿಸತೊಡಗಿದಳು.